ವೆಲ್ಡ್ ಉಬ್ಬು ಎಷ್ಟಿರಬೇಕು?

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ವೆಲ್ಡರ್ ಆಗಿದ್ದೇನೆ. 12 ಮಿ.ಮೀ. ಪ್ಲೇಟಿನ ಬಟ್ ಜಾಯಿಂಟ್ (ಅಂಚಿಗೆ ಅಂಚು ಕೂಡಿಸಿದ ಬೆಸುಗೆ) ಮೇಲೆ ಉಬ್ಬು 4 ಮಿ.ಮೀ. ಬಂತೆಂದು ಇನ್‌ಸ್ಪೆಕ್ಟರ್ ರಿಜೆಕ್ಟ್ ಮಾಡಿದರು. ಮೆಟಲ್ ಜಾಸ್ತಿ ಇದ್ದರೆ ಗಟ್ಟಿ ಅಲ್ವಾ ಸರ್?

ಉತ್ತರ: ಇಲ್ಲ ಮಾರಾಯ್ರೇ! ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಉಕ್ಕಿನ ರಚನೆಗಳ ಕೋಡ್ ಆದ ಎಡಬ್ಲ್ಯೂಎಸ್ ಡಿ1.1 ಪ್ರಕಾರ ಈ ದಪ್ಪಕ್ಕೆ 3 ಮಿ.ಮೀ.ವರೆಗೆ ಮಾತ್ರ ಸರಿ, ಅದೂ ಪ್ಲೇಟಿಗೆ ನುಣ್ಣಗೆ ಇಳಿಯಬೇಕು. ಉಬ್ಬು ಕಡಿದಾಗಿದ್ದರೆ ಅದರ ಅಂಚಿನಲ್ಲೇ ಒತ್ತಡ ಸೇರುತ್ತದೆ, ಕ್ರೇನ್ ಗರ್ಡರಿನಂತೆ ಲೋಡ್ ಮತ್ತೆ ಮತ್ತೆ ಬೀಳುವ ಕಡೆ ಬಿರುಕು ಶುರುವಾಗುವುದು ಅಲ್ಲಿಂದಲೇ. ಜಾಯಿಂಟಿನ ಬಲ ಪೂರ್ತಿ ಪೆನಟ್ರೇಶನ್‌ನಿಂದ, ಅಂದರೆ ಬೆಸುಗೆ ಪ್ಲೇಟಿನ ದಪ್ಪದುದ್ದಕ್ಕೂ ಒಳಗೆ ಇಳಿಯುವುದರಿಂದ ಬರುತ್ತದೆ, ಮೇಲಿನ ಗುಡ್ಡದಿಂದಲ್ಲ. ಗ್ರೈಂಡ್ ಮಾಡಿ ಇಳಿಸಿ, ಪ್ಲೇಟ್ ಕೊರೆಯಬೇಡಿ. ಮುಂದೆ ಕ್ಯಾಪ್ ಪಾಸಿನಲ್ಲಿ (ಮೇಲಿನ ಕೊನೆಯ ಪದರದಲ್ಲಿ) ಕೈ ಸ್ವಲ್ಪ ಬೇಗ ಓಡಲಿ. ಡ್ರಾಯಿಂಗಿನಲ್ಲಿ ಬೇರೆ ಕೋಡ್ ಇದ್ದರೆ ಅದೇ ಲೆಕ್ಕ.