ಹಳೆ ಕೇಸಿರುವ ಮಾಸ್ಟ್ರು: ತೀರ್ಪಿನ ಪ್ರತಿ ತರಿಸಿ ಓದಿ

ಕೇರಳದ ಕಾಸರಗೋಡು ಕಡೆಯ ಬದಿಯಡ್ಕ ಹತ್ತಿರದ ನಿಮ್ಮ ಕನ್ನಡ ಶಾಲೆಗೆ ದಿನವೇತನದಲ್ಲಿ ಬರಲಿರುವ ಮಾಸ್ಟ್ರ ಮೇಲೆ ಹಿಂದೆ ಕೇಸಾಗಿತ್ತು, ಸೇರಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಕೇಸು ಯಾವುದು, ಕೊನೆಗೆ ಏನಾಯಿತು ಎಂದು ಮೊದಲು ತಿಳಿದುಕೊಳ್ಳಿ.

ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಶಿಕ್ಷೆಯಾದವರಾದರೆ ಮಾತೇ ಬೇಡ. ಎಷ್ಟು ವರ್ಷ ಕಳೆದಿರಲಿ, ತರಗತಿಯೊಳಗೆ ಬಿಡಬಾರದು. ಆದರೆ ನಮ್ಮ ಕಡೆ ಕನ್ನಡ ಭಾಷೆಗಾಗಿ ರಸ್ತೆಯಲ್ಲಿ ಧರಣಿ ಕೂತರೂ ಕೇಸು, ತೋಟದ ಬೇಲಿ ಜಗಳಕ್ಕೂ ಕೇಸು. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ.

ನಮ್ಮ ಶಾಲೆಯಲ್ಲೂ ಹೀಗೇ ಆಗಿತ್ತು. ಸಂದರ್ಶನದ ದಿನ ಹಳೆ ಕೇಸಿದ್ದ ಒಬ್ಬ ಮಾಸ್ಟ್ರು ಯಾರೂ ಕೇಳುವ ಮೊದಲೇ ಪ್ಲಾಸ್ಟಿಕ್ ತೊಟ್ಟೆಯಿಂದ ತೀರ್ಪಿನ ಪ್ರತಿ ತೆಗೆದು ಮೇಜಿನ ಮೇಲಿಟ್ಟರು. ಮಡಚಿ ಮಡಚಿ ಅಂಚು ಹರಿದಿತ್ತು. ಬೇಲಿ ಜಗಳ, ಖುಲಾಸೆ. ನನಗೆ ಅಷ್ಟು ಸಾಕಾಯಿತು. ಮುಚ್ಚಿಟ್ಟಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಸುಪ್ರೀಂ ಕೋರ್ಟು ಕೂಡ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ, ಕೆಲಸಕ್ಕೆ ಸೇರುವವರು ಕೇಸಿನ ವಿಷಯ ನಿಜ ಹೇಳಬೇಕು, ಕ್ಷುಲ್ಲಕ ಕೇಸನ್ನೂ ಗಂಭೀರ ಕೇಸನ್ನೂ ಬೇರೆಬೇರೆಯಾಗಿ ತೂಗಬೇಕು ಎಂದಿದೆ.

ಇನ್ನೊಂದು ಮುಖ್ಯ ವಿಷಯ. 2020ರ ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ) ನಿಯಮಗಳ ಪ್ರಕಾರ ಶಾಲೆಯ ಪ್ರತಿಯೊಬ್ಬ ಸಿಬ್ಬಂದಿಗೂ ಪೊಲೀಸ್ ಪರಿಶೀಲನೆ ಆಗಲೇಬೇಕು, ಅದೂ ಕಾಲಕಾಲಕ್ಕೆ. ಖಾಯಂ, ಗುತ್ತಿಗೆ ಎಂಬ ಭೇದವಿಲ್ಲ. 'ಮೂರು ತಿಂಗಳಿಗೆ ತಾನೇ' ಎಂದು ಬಿಟ್ಟುಬಿಡಬೇಡಿ. ಅಡುಗೆಯವರು, ಬಸ್ಸಿನ ಡ್ರೈವರು, ಎಲ್ಲರದ್ದೂ ಮಾಡಿಸಿ. ಕೇಸೇ ದಾಖಲಾಗದವನಿಂದಲೂ ಮಕ್ಕಳಿಗೆ ತೊಂದರೆಯಾಗಬಹುದು, ಅದಕ್ಕೆ ಮಕ್ಕಳು ಏನಾದರೂ ಹೇಳಿದರೆ ಗದರಿಸದೆ ಕೇಳಿ.

ಪಿಟಿಎ (ಪೋಷಕರ-ಶಿಕ್ಷಕರ ಸಂಘ) ಸಭೆಯಲ್ಲಿ ಎಲ್ಲರೆದುರು ಈ ವಿಷಯ ಎತ್ತಬೇಡಿ. ಹೆಡ್ ಮಾಸ್ಟ್ರ ಕೋಣೆಗೆ ಬರಲಿರುವ ಆ ಮಾಸ್ಟ್ರನ್ನೇ ಕರೆದು, ಕೂರಿಸಿ ಕೇಳಿ.