ಸೂರ್ಯನ ಮೇಲಿನ ಚುಕ್ಕೆ: ಕಲೆಯೋ, ಧೂಳೋ?

ಪ್ರಶ್ನೆ (ಹಾಸನ): 80 ಮಿ.ಮೀ. ದೂರದರ್ಶಕಕ್ಕೆ ಸೌರ ಫಿಲ್ಮ್ ಕಟ್ಟಿ, ಕ್ಯಾಮೆರಾ ಜೋಡಿಸಿ ಸೂರ್ಯನ ವಿಡಿಯೊ ತೆಗೆದೆ. ನಾಲ್ಕು ಕಪ್ಪು ಚುಕ್ಕೆಗಳಿವೆ. ನಾಲ್ಕೂ ಸೌರಕಲೆಗಳೇ?

ಉತ್ತರ: ದೂರದರ್ಶಕವನ್ನು ತುಸು ಅಲುಗಿಸಿ ನೋಡಿ. ಸೂರ್ಯನ ಜೊತೆಗೇ ಸರಿದದ್ದು ಕಲೆ. ಪರದೆಯ ಮೇಲೆ ನಿಂತಲ್ಲೇ ನಿಂತದ್ದು ಧೂಳು. ದೊಡ್ಡ ಕಲೆಗೆ ಕಪ್ಪು ನಡುಭಾಗ, ಸುತ್ತ ಬೂದು ಅಂಚು ಇರುತ್ತದೆ. ಆದರೆ ಅಂಚಿಲ್ಲ ಎಂದ ಮಾತ್ರಕ್ಕೆ ಧೂಳು ಎನ್ನಬೇಡಿ, ಪುಟ್ಟ ಕಲೆಗಳಿಗೆ ಅದು ಇರುವುದಿಲ್ಲ. ಅನುಮಾನ ಉಳಿದರೆ ಅದೇ ದಿನ ನಾಸಾದ ಸೂರ್ಯವೀಕ್ಷಕ ಉಪಗ್ರಹ ಎಸ್‌ಡಿಒ ತೆಗೆದ ಚಿತ್ರದ ಪಕ್ಕದಲ್ಲಿ ನಿಮ್ಮದನ್ನಿಟ್ಟು ನೋಡಿ. ನಡುವೆ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಡಯಾಗೊನಲ್ ಕನ್ನಡಿ ಇದ್ದರೆ ನಿಮ್ಮ ಚಿತ್ರ ಎಡಬಲ ಬದಲಾಗಿರುತ್ತದೆ, ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಧೂಳಿನ ನೆರಳು ಅಳಿಸಲು ಫ್ಲಾಟ್ ಫ್ರೇಮ್ ಬೇಕು: ಸೂರ್ಯನ ವಿವರವಿಲ್ಲದ, ಧೂಳಿನ ನೆರಳಷ್ಟೇ ಇರುವ ಚಿತ್ರ. ಸಾಫ್ಟ್‌ವೇರ್ ಇದನ್ನು ಬಳಸಿ ಮೂಲ ಚಿತ್ರದಿಂದ ನೆರಳು ಅಳಿಸುತ್ತದೆ. ಸೌರ ಫಿಲ್ಮ್ ತೆಗೆಯದೆ, ಅದರ ಮುಂದೆ ತೆಳು ಬಿಳಿ ಪ್ಲಾಸ್ಟಿಕ್ ಚೀಲ ಹಿಡಿದು, ಎಕ್ಸ್‌ಪೋಶರ್ ಏರಿಸಿ 50–100 ಫ್ರೇಮ್ ತೆಗೆಯಿರಿ. ಫೋಕಸ್ ಆಗಲಿ ಕ್ಯಾಮೆರಾ ಕೂತ ಕೋನವಾಗಲಿ ಬದಲಾದರೆ ಆ ಫ್ಲಾಟ್ ಕೆಲಸಕ್ಕೆ ಬಾರದು.

ಫಿಲ್ಮ್ ಇರಬೇಕಾದದ್ದು ಮಸೂರದ ಮುಂದೆಯೇ. 3.8 ಸಾಂದ್ರತೆಯದು (ಸಂಖ್ಯೆ ಹೆಚ್ಚಿದಷ್ಟೂ ಒಳಬರುವ ಬೆಳಕು ಕಡಿಮೆ) ಕ್ಯಾಮೆರಾಕ್ಕೆ ಮಾತ್ರ, ಕಣ್ಣಿಗೆ 5.0 ಬೇಕು. ಫೈಂಡರಿನ (ಗುರಿ ಹುಡುಕಲು ಪಕ್ಕಕ್ಕಿರುವ ಪುಟ್ಟ ದೂರದರ್ಶಕ) ಮುಚ್ಚಳ ತೆಗೆಯಬೇಡಿ.

ಪ್ರಶ್ನೆ (ಧಾರವಾಡ): ವಿಡಿಯೊದ ಫ್ರೇಮ್‌ಗಳನ್ನು ಸ್ಟ್ಯಾಕ್ ಮಾಡಿ (ಒಂದರ ಮೇಲೊಂದು ಸೇರಿಸಿ) ಶಾರ್ಪನ್ ಮಾಡಿದ ಮೇಲೆ ಅಕ್ಕಿಕಾಳು ಹರಡಿದಂತೆ ಕಾಣುತ್ತದೆ. ಗ್ರಾನ್ಯುಲೇಷನ್ (ಸೂರ್ಯನ ಮೇಲ್ಮೈಯಲ್ಲಿ ಕುದಿಯುವ ಅನಿಲದ ಕಾಳುಕಾಳು ಹೆಣಿಗೆ) ಸಿಕ್ಕಿತೇ? ನನ್ನದೂ 80 ಮಿ.ಮೀ.

ಉತ್ತರ: ಸಿಕ್ಕಿರಬಹುದು, ಆದರೆ ಅಷ್ಟು ಚೂಪಾಗಿ ಅಲ್ಲ. ಒಂದು ಕಾಳು ಸುಮಾರು 1,000 ಕಿ.ಮೀ. ಅಗಲ, ಭೂಮಿಯಿಂದ ನೋಡಿದರೆ 1.4 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್). 80 ಮಿ.ಮೀ. ಮಸೂರ ಬೇರ್ಪಡಿಸಿ ತೋರಬಲ್ಲದ್ದು ಹೆಚ್ಚೂಕಡಿಮೆ ಅಷ್ಟೇ. ಬರಬೇಕಾದದ್ದು ಮಸುಕು ಮಚ್ಚೆ. ಅಂಚು ಕೊರೆದಂಥ ಕಾಳು ಬಂದಿದ್ದರೆ ಅದು ಬಹುಪಾಲು ಶಾರ್ಪನಿಂಗ್ ಉಬ್ಬಿಸಿದ ನಾಯ್ಸ್ (ಕ್ಯಾಮೆರಾದ ಸುಳ್ಳು ಚುಕ್ಕೆಗಳು).

ಪರೀಕ್ಷೆ ಸುಲಭ. 30 ಸೆಕೆಂಡಿನ ಎರಡು ವಿಡಿಯೊ ಬೆನ್ನುಬೆನ್ನಿಗೇ ತೆಗೆಯಿರಿ. ಎರಡರಿಂದಲೂ ಉತ್ತಮ 10% ಫ್ರೇಮ್‌ಗಳನ್ನು ಆರಿಸಿ, ಸ್ಟ್ಯಾಕ್ ಮಾಡಿ, ಒಂದೇ ಅಳತೆಯಲ್ಲಿ ಶಾರ್ಪನ್ ಮಾಡಿ, ಒಂದರ ಮೇಲೊಂದಿಟ್ಟು, ಮೇಲಿನದನ್ನು ತೋರಿಸಿ-ಮರೆಸಿ ನೋಡಿ. ನಿಜವಾದ ಕಾಳು ಎಂಟು-ಹತ್ತು ನಿಮಿಷ ಬದುಕುವುದರಿಂದ ಎರಡರಲ್ಲೂ ಅದೇ ಹೆಣಿಗೆ ಕಾಣಬೇಕು. ಬೇರೆಬೇರೆ ಕಂಡರೆ ನಾಯ್ಸ್. ಅರ್ಧ ಗಂಟೆಯ ನಂತರವೂ ಅದೇ ಹೆಣಿಗೆ ಉಳಿದಿದ್ದರೆ ಅದೂ ಸುಳ್ಳೇ: ಸೆನ್ಸರಿನದು, ಸೂರ್ಯನದಲ್ಲ.

ಕಲೆಯ ಸುತ್ತ ಬಿಳಿ ಉಂಗುರ, ಸೂರ್ಯನ ಅಂಚಿಗೆ ಜೋಡಿ ಗೆರೆ ಬಂದಿದ್ದರೆ ಶಾರ್ಪನಿಂಗ್ ಅತಿಯಾಗಿದೆ. ಆದರೆ ಅಂಚಿನ ಬಳಿಯ ಬೆಳ್ಳನೆಯ ನರದಂಥ ಗೆರೆಗಳು ನಿಜ, ಅವು ಫ್ಯಾಕ್ಯುಲೇ, ಸೂರ್ಯನ ಮೇಲ್ಮೈಯ ಹೆಚ್ಚು ಹೊಳೆಯುವ ಭಾಗಗಳು. ಆರ್‌ಸಿಸಿ ತಾರಸಿ ಬಿಟ್ಟು ಹುಲ್ಲಿನ ಮೇಲೆ, ನೆಲ ಕಾಯುವ ಮುನ್ನ ಬೆಳಗ್ಗೆಯೇ ಚಿತ್ರ ತೆಗೆಯಿರಿ, ಕಾದ ನೆಲದಿಂದೇಳುವ ಗಾಳಿ ಚಿತ್ರವನ್ನು ಅಲುಗಿಸುತ್ತದೆ. ಯಾವ ಸಾಫ್ಟ್‌ವೇರಿಗಿಂತಲೂ ಇದು ಮೇಲು.

ಪ್ರಶ್ನೆ (ಶಿವಮೊಗ್ಗ): ಒಂದೇ ಕಲೆ ಒಮ್ಮೆ ಗುಂಡಿಯಂತೆ, ಚಿತ್ರ ತಲೆಕೆಳಗಾಗಿಸಿದರೆ ದಿಬ್ಬದಂತೆ ಕಾಣುತ್ತದಲ್ಲ?

ಉತ್ತರ: ಬೆಳಕು ಮೇಲಿನಿಂದ ಬೀಳುತ್ತದೆ ಎಂದು ಮಿದುಳು ಊಹಿಸಿಕೊಳ್ಳುತ್ತದೆ. ಆದರೆ ಸೂರ್ಯ ತಾನೇ ದೀಪ, ಅಲ್ಲಿ ನೆರಳೆಲ್ಲಿಂದ ಬಂತು? ತಮಾಷೆಯೆಂದರೆ ಕಲೆ ನಿಜಕ್ಕೂ ತಗ್ಗೇ. ಗ್ಲಾಸ್ಗೋದ ಖಗೋಳವಿಜ್ಞಾನಿ ಅಲೆಗ್ಸಾಂಡರ್ ವಿಲ್ಸನ್ ಇದಕ್ಕೆ ಸಾಕ್ಷಿ ಕಂಡದ್ದು 1769ರಲ್ಲಿ. ಕಲೆ ಅಂಚಿನತ್ತ ಸರಿದಂತೆ, ಬಿಂಬದ ನಡುವಿನ ಕಡೆಗಿರುವ ಬೂದುಭಾಗ ಕಿರಿದಾಗುತ್ತದೆ, ಅಂಚಿನ ಕಡೆಯದು ಅಗಲವಾಗಿಯೇ ಉಳಿಯುತ್ತದೆ. ಆದರೆ ಆ ತಗ್ಗಿನ ಆಳ ಕೆಲವೇ ನೂರು ಕಿ.ಮೀ., ಕಲೆಯ ಅಗಲ ಹತ್ತಾರು ಸಾವಿರ. ಹೋಳಿಗೆಯ ಮೇಲೆ ಬೆರಳೊತ್ತಿದಷ್ಟು ಎನ್ನಿ, ಕಣ್ಣು ತೋರುವ ಬಾವಿಯಂತೂ ಅಲ್ಲ. ದುಂಡನೆಯ ಕಲೆಯೊಂದನ್ನು ಆರಿಸಿ ದಿನಕ್ಕೊಂದು ಚಿತ್ರ ತೆಗೆಯಿರಿ. ದಿನಕ್ಕೆ ಸುಮಾರು 13 ಡಿಗ್ರಿ ಸರಿಯುತ್ತದೆ.

ಪ್ರಶ್ನೆ (ಉಡುಪಿ): ಕೆಲವರ ಹೈಡ್ರೋಜನ್-ಆಲ್ಫಾ (ಹೈಡ್ರೋಜನ್‌ನ ಕೆಂಪು ಬೆಳಕೊಂದರಲ್ಲೇ ತೆಗೆದ) ಚಿತ್ರಗಳಲ್ಲಿ ಕಲೆಗಳು ಬೆಳ್ಳಗಿರುತ್ತವೆ. ಏಕೆ?

ಉತ್ತರ: ಬಿಂಬವನ್ನಷ್ಟೇ ನೆಗೆಟಿವ್ (ಕಪ್ಪು-ಬಿಳಿ ಅದಲುಬದಲು) ಮಾಡಿರುತ್ತಾರೆ. ಸೂರ್ಯ ಉಬ್ಬಿದ ಚೆಂಡಿನಂತೆ ಕಾಣುವುದೂ ಅದರಿಂದಲೇ. ಚಿತ್ರ ಚೆಂದ, ಆದರೆ ಅಡಿಬರಹದಲ್ಲಿ ಹಾಗೆಂದು ಬರೆಯಬೇಕು.