ನೆತ್ತಿ ಮೇಲಿನ ಬಿಸಿಲಲ್ಲಿ ಮದುವೆ ಗ್ರೂಪ್ ಫೋಟೋ

ಪ್ರಶ್ನೆ: ಸರ್, ಹಳ್ಳಿ ಮದುವೆಗಳಲ್ಲಿ ಮಧ್ಯಾಹ್ನ 12ರ ಬಿಸಿಲಲ್ಲೇ ಗ್ರೂಪ್ ಫೋಟೋ ತೆಗೆಯಬೇಕಾಗುತ್ತದೆ. ಎಲ್ಲರ ಕಣ್ಣ ಕೆಳಗೂ ಕಪ್ಪು ನೆರಳು. ಏನು ಮಾಡಲಿ?

ಉತ್ತರ: ಮೊದಲು ನೆರಳು ಹುಡುಕಿ. ಮನೆ ಗೋಡೆಯ ನೆರಳು ಸಿಕ್ಕರೂ ಸಾಕು, ಎದುರಿಗೆ ತೆರೆದ ಆಕಾಶ ಇದ್ದರೆ ಮುಖಕ್ಕೆ ಮೆತ್ತನೆಯ ಬೆಳಕು ತಾನಾಗಿಯೇ ಬೀಳುತ್ತದೆ. ಬೇವಿನ ಮರದ ಕೆಳಗೆ ಮಾತ್ರ ಬೇಡ. ಎಲೆಗಳ ಸಂದಿಯ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಆಮೇಲೆ ಅದನ್ನು ತಿದ್ದೋದು ತುಂಬಾ ಕಷ್ಟ. ಕೆಂಪು, ಹಳದಿ ಶಾಮಿಯಾನದ ಅಡಿಯೂ ಬೇಡ, ಬಟ್ಟೆಯ ಬಣ್ಣವೆಲ್ಲ ಮುಖಕ್ಕೆ ಬರುತ್ತದೆ.

ನೆರಳೇ ಇಲ್ವಾ? ಎಲ್ಲರನ್ನೂ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ, ಫ್ಲ್ಯಾಶ್ ಹಾಕಿ. ಹೌದು, ಹಗಲಲ್ಲೇ! ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸ್ ಕಿಂಡಿಯ ಅಳತೆ) ಎಫ್/11, ಶಟರ್ ವೇಗ 1/200 ಸೆಕೆಂಡ್‌ನಿಂದ ಶುರು ಮಾಡಿ. ಶಟರ್ ಅದಕ್ಕಿಂತ ಜಾಸ್ತಿ ವೇಗವಾದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಮಾಮೂಲಿ ಫ್ಲ್ಯಾಶ್ ಹೊಂದಿಕೊಳ್ಳುವುದಿಲ್ಲ, ಫೋಟೋದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಸೂರ್ಯ ನೆತ್ತಿಯ ಮೇಲೇ ಇದ್ದರೆ ನೀವು ಕುರ್ಚಿ ಹತ್ತಿ. ಅವರು ಮುಖ ಎತ್ತಿ ನಿಮ್ಮನ್ನು ನೋಡಿದಾಗ ಕಣ್ಣಿನ ಗುಳಿಗೂ ಬೆಳಕು ತಲುಪುತ್ತದೆ. ಅಜ್ಜ ಅಜ್ಜಿಯರನ್ನು ಬಿಸಿಲಲ್ಲಿ ಕಾಯಿಸಬೇಡಿ, ಉಳಿದವರೆಲ್ಲ ನಿಂತ ಮೇಲೆ ಅವರನ್ನು ಕೊನೆಗೆ ಕರೆಯಿರಿ. ‘ಕಣ್ಣು ಮುಚ್ಚಿ, ಮೂರು ಅಂದಾಗ ಬಿಡಿ’ ಎನ್ನಿ, ತಕ್ಷಣ ಕ್ಲಿಕ್ ಮಾಡಿ.